ಮಫಲ್ ಕುಲುಮೆಯಲ್ಲಿ ಗಡಸುಗೊಳಿಸಿದ ಪಂಚ್‌ಗಳ ಮೇಲ್ಮೈ ಮೆತ್ತಗಾಗುವುದೇಕೆ?

ಪ್ರಶ್ನೆ:
ಡಿ-2 ಉಕ್ಕಿನ (ಇಂಗಾಲ, ಕ್ರೋಮಿಯಂ ಹೆಚ್ಚಿರುವ ಉಪಕರಣದ ಉಕ್ಕು) ಪಂಚ್‌ಗಳನ್ನು, ಅಂದರೆ ಲೋಹದ ಹಾಳೆಯಲ್ಲಿ ರಂಧ್ರ ಹೊಡೆಯುವ ಉಪಕರಣಗಳನ್ನು, ವಿದ್ಯುತ್ ಮಫಲ್ ಕುಲುಮೆಯಲ್ಲಿ (ಮುಚ್ಚಿದ ಕೋಣೆಯ ಕುಲುಮೆ) 1020 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಗಾಳಿಯಲ್ಲಿ ತಣಿಸಿ, ಎರಡು ಬಾರಿ ಟೆಂಪರ್ ಮಾಡುತ್ತೇನೆ (ಬಿರುಸು ತಗ್ಗಲೆಂದು ಕಡಿಮೆ ಉಷ್ಣಾಂಶದಲ್ಲಿ ಮತ್ತೆ ಕಾಯಿಸುತ್ತೇನೆ). ಆದರೂ ಮೇಲ್ಮೈಗೆ ಅರ ಹಾಕಿದರೆ ಸುಲಭವಾಗಿ ಕಚ್ಚುತ್ತದೆ; ಸ್ವಲ್ಪ ಗ್ರೈಂಡ್ ಮಾಡಿದ ಮೇಲೆ ಅದೇ ಅರ ಜಾರುತ್ತದೆ. ಉಷ್ಣಾಂಶದಲ್ಲಿ ದೋಷವಿದೆಯೇ?

ಉತ್ತರ 1:
ಒಳಭಾಗ ಗಡಸಾಗಿರುವುದರಿಂದ ಉಷ್ಣಾಂಶವನ್ನು ಶಂಕಿಸಬೇಕಾಗಿಲ್ಲ. ಕುಲುಮೆಯೊಳಗಿನ ಗಾಳಿಯಲ್ಲಿರುವ ಆಮ್ಲಜನಕವು ಕೆಂಪಗೆ ಕಾದ ಉಕ್ಕಿನ ಹೊರಪದರದ ಇಂಗಾಲದೊಡನೆ ಸೇರಿ ಅನಿಲವಾಗಿ ಹೊರಹೋಗುತ್ತದೆ. ಇಂಗಾಲ ಕಳೆದುಕೊಂಡ ಆ ಪದರ, ಎಷ್ಟೇ ಸರಿಯಾಗಿ ತಣಿಸಿದರೂ, ಪೂರ್ತಿ ಗಡಸಾಗಲಾರದು. ತುಂಡನ್ನು ಹೊರತೆಗೆದಾಗ ಕಪ್ಪು ಪೊರೆ ಉದುರುತ್ತಿದ್ದರೆ ಅದೂ ಇದೇ ಗಾಳಿಯ ಕೆಲಸ.

ಉತ್ತರ 2:
ಇದಕ್ಕೆ ಸರಿಯಾದ ಪರಿಹಾರ ನಿರ್ವಾತ ಕುಲುಮೆ ಎಂಬುದು ನನ್ನ ದೃಢ ಅಭಿಪ್ರಾಯ. ಅದರಲ್ಲಿ ಗಾಳಿಯನ್ನು ಪಂಪಿನಿಂದ ಹೊರತೆಗೆದು, ಗ್ರಾಫೈಟ್ ಅಥವಾ ಮಾಲಿಬ್ಡಿನಮ್ ಸುರುಳಿಗಳಿಂದ ಕಾಯಿಸಿ, ಕೊನೆಗೆ ಒತ್ತಡದ ನೈಟ್ರೋಜನ್ ಹಾಯಿಸಿ ತಣಿಸುವುದರಿಂದ ತುಂಡುಗಳು ಬೆಳ್ಳಗೆ ಹೊಳೆಯುತ್ತಲೇ ಹೊರಬರುತ್ತವೆ. ಆದರೆ ಅತಿ ಆಳವಾದ ನಿರ್ವಾತದಲ್ಲಿ ಉಕ್ಕಿನ ಕ್ರೋಮಿಯಂ ಆವಿಯಾಗತೊಡಗುತ್ತದೆ. ಆದ್ದರಿಂದ ಹೆಚ್ಚಿನ ಉಷ್ಣಾಂಶದಲ್ಲಿ ಸ್ವಲ್ಪ ನೈಟ್ರೋಜನ್ ಬಿಟ್ಟುಕೊಳ್ಳುವುದು ವಾಡಿಕೆ. ಟೈಟಾನಿಯಂ ಮಾತ್ರ ನೈಟ್ರೋಜನ್‌ನೊಡನೆ ವರ್ತಿಸುವುದರಿಂದ ಅದಕ್ಕೆ ಆರ್ಗಾನ್ ಬೇಕು.

ಉತ್ತರ 3:
ಹೊಸ ಕುಲುಮೆ ಬರುವವರೆಗೆ ಪ್ರತಿ ಪಂಚನ್ನು ಶಾಖ ತಾಳುವ ಸ್ಟೇನ್‌ಲೆಸ್ ಹಾಳೆಯಲ್ಲಿ ಸುತ್ತಿ, ಅಂಚುಗಳನ್ನು ಎರಡು ಮಡಿಕೆ ಹಾಕಿ ಬಿಗಿಯಾಗಿ ಮುಚ್ಚಿರಿ. ಹೊದಿಕೆಯಲ್ಲಿ ಒಂದು ಸೂಜಿರಂಧ್ರವಿದ್ದರೂ ಅದರ ಎದುರಿಗೇ ಕಲೆ ಮೂಡುವುದನ್ನು ನಾನು ಕಂಡಿದ್ದೇನೆ. ಜೊತೆಗೆ, ಗ್ರೈಂಡಿಂಗ್‌ಗೆಂದು ಅಳತೆಯಲ್ಲಿ ಸ್ವಲ್ಪ ಹೆಚ್ಚುವರಿ ಲೋಹವನ್ನು ಮೊದಲೇ ಬಿಟ್ಟಿರಿ.