ಪರ್ಲ್ (ಪ್ರೋಗ್ರಾಮಿಂಗ್ ಭಾಷೆ): ಫೈಲ್ ಓದುವಾಗ ಮೂರು ಸಾಲು ಹಿಂದಕ್ಕೆ ಹೋಗ್ಬೇಕು, ಸೀಕ್ ಕೆಲಸ ಮಾಡ್ತಿಲ್ಲ

ತುಂಗಾತೀರ:
ಶಿವಮೊಗ್ಗ ಮಾರುಕಟ್ಟೆಯ ಹಳೇ ಅಡಿಕೆ ದರದ ಫೈಲ್. ‘ಸರಕು’ (ಅಡಿಕೆಯ ಒಂದು ದರ್ಜೆ) ಸಾಲು ಸಿಕ್ಕ ಕೂಡಲೇ ಮೂರು ಸಾಲು ಮೇಲಿರೋ ತಾರೀಕು ಬೇಕು. ಟೆಲ್ (ಫೈಲಲ್ಲಿ ಈಗ ಎಲ್ಲಿದೀವಿ ಅಂತ ಹೇಳೋದು) ಹಾಕಿ ಜಾಗ ಇಟ್ಕೊಂಡು ಸೀಕ್ (ಆ ಜಾಗಕ್ಕೆ ಹೋಗೋದು) ಮಾಡಿದ್ರೂ ಮುಂದಿನ ಸಾಲೇ ಬರುತ್ತೆ. ಎರರ್ರೂ ಇಲ್ಲ. ತಲೆ ಕೆಟ್ಟೋಯ್ತು.

ಹೊಸನಗರದವ:
ಟೆಲ್ ಎಲ್ಲಿದೆ? ಸಾಲು ಓದಿದ ಮೇಲೆ ಹಾಕಿದ್ರೆ ಮುಂದಿನ ಸಾಲಿನ ಶುರು ಸಿಗುತ್ತೆ. ಸಾಲು ಓದೋ ವೈಲ್ ಲೂಪ್‌ಗೆ ಮುಂಚೆ ಒಮ್ಮೆ, ಆಮೇಲೆ ಪ್ರತಿ ಸುತ್ತಿನ ಕೊನೆಗೆ ಹಾಕಿ. ಮಧ್ಯೆ ನೆಕ್ಸ್ಟ್ (ಉಳಿದದ್ದು ಬಿಟ್ಟು ಮುಂದಿನ ಸುತ್ತಿಗೆ ಹಾರೋದು) ಇದ್ರೆ ಕೊನೆಯ ಟೆಲ್ ತಪ್ಪುತ್ತೆ, ಅದನ್ನ ನೆಕ್ಸ್ಟ್ ಆದ್ರೂ ಓಡೋ ಕಂಟಿನ್ಯೂ ಬ್ಲಾಕಿಗೆ ಸರಿಸಿ.

ತುಂಗಾತೀರ:
ಹಾಗೇ ಇದೆ ಸರ್.

ಸೋಗೆಮನೆ:
ಯುಟಿಎಫ್-8 (ಅಕ್ಷರಗಳನ್ನ ಬೈಟ್‌ಗಳಾಗಿ ಇಡೋ ಎನ್‌ಕೋಡಿಂಗ್) ತೊಂದರೆ ಇದು. ‘ಸರಕು’ ಪದಕ್ಕೆ ಲೆಂತ್ (ಅಕ್ಷರ ಎಣಿಸೋ ಫಂಕ್ಷನ್) ಕೊಂಬೂ ಸೇರಿ 4 ಅನ್ನುತ್ತೆ, ಫೈಲಲ್ಲಿ ಅದು 12 ಬೈಟ್. ಟೆಲ್, ಸೀಕ್ ಎರಡೂ ಎಣಿಸೋದು ಬೈಟ್. ಲೆಂತ್ ಕಳೆದು ಹಿಂದೆ ಹೋದ್ರೆ ಅಕ್ಷರದ ನಡುವೆ ಬೀಳ್ತೀರ.

ಹೊಸನಗರದವ:
ಅವರು ಲೆಂತ್ ಮುಟ್ಟೇ ಇಲ್ವಲ್ಲ ಮಾರಾಯ್ರೆ.

ಸೋಗೆಮನೆ:
ಕೋಡ್ ಹಾಕದೆ ಹೇಗೆ ನಂಬೋದು? ನನ್ನ ಅನುಮಾನ ಈಗ್ಲೂ ಎನ್‌ಕೋಡಿಂಗ್ ಮೇಲೇ.

ಕುಂದಾದ್ರಿ:
ಟೈ::ಫೈಲ್ ಮಾಡ್ಯೂಲ್ ಹಾಕಿ, 5.8ರಿಂದ ಪರ್ಲ್ ಜೊತೆಗೇ ಬರುತ್ತೆ. ಇಡೀ ಫೈಲ್ ಅರೇ (ಸಾಲುಗಳ ಪಟ್ಟಿ) ಥರ ಕಾಣುತ್ತೆ, ಮೂರು ಕಳೆದ ಇಂಡೆಕ್ಸ್ ಕೇಳಿದ್ರಾಯ್ತು.

ಹೊಸನಗರದವ:
ಆ ಅರೇಗೆ ಬರೆದದ್ದು ನೇರ ಫೈಲಿಗೇ ಹೋಗುತ್ತೆ, ರೀಡ್‌ಓನ್ಲಿ ಮೋಡ್ ಕೊಡದೆ ಬಳಸ್ಬೇಡಿ. ಮೂರು ಸಾಲಿಗೆ ಇಷ್ಟೆಲ್ಲ ಯಾಕೆ?

ಕುಂದಾದ್ರಿ:
ದೊಡ್ಡ ಲಾಗ್ ಫೈಲಿಗೆಲ್ಲ ನಾನು ಅದನ್ನೇ ಹಾಕೋದು, ತೊಂದರೆ ಬಂದಿಲ್ಲ.

ಬಿದನೂರು:
ಟೆಲ್ ಏನು ಪ್ರಿಂಟ್ ಮಾಡುತ್ತೆ? ಸೀಕ್ ಸೋತರೆ ಸುಮ್ಮನೆ ಫಾಲ್ಸ್ (ಆಗಲಿಲ್ಲ ಅನ್ನೋ ಗುರುತು) ವಾಪಸ್ ಕೊಡುತ್ತೆ ಅಷ್ಟೇ, ಪಕ್ಕದಲ್ಲಿ ‘ಆರ್ ಡೈ’ (ಸೋತರೆ ಎರರ್ ತೋರಿಸಿ ನಿಲ್ಲು) ಹಾಕಿ ನೋಡಿ.

ತುಂಗಾತೀರ:
ಟೆಲ್ ಎಲ್ಲಾ ಸಾಲಿಗೂ -1. ಡೈ ಹಾಕಿದ್ರೆ ‘ಇಲ್ಲೀಗಲ್ ಸೀಕ್’. ಫೈಲ್ ಜಿಜಿಪ್ ಆಗಿದೆ (ಕುಗ್ಗಿಸಿಟ್ಟದ್ದು), ಅದನ್ನ ಬಿಚ್ಚೋ ಝಡ್‌ಕ್ಯಾಟ್ ಕಮಾಂಡ್‌ನಿಂದ ನೇರ ಪರ್ಲ್‌ಗೆ ಪೈಪ್ ಮಾಡ್ತಿದೀನಿ.

ಬಿದನೂರು:
ಅದೇ ಕಾರಣ. ಪೈಪಲ್ಲಿ ಹರಿದು ಹೋದದ್ದು ಹೋಯ್ತು, ಹಿಂದಕ್ಕೆ ಸೀಕ್ ಆಗಲ್ಲ. ಓದಿದ ಸಾಲನ್ನ ಒಂದು ಅರೇಗೆ ಪುಶ್ ಮಾಡಿ (ಕೊನೆಗೆ ಸೇರಿಸಿ), ನಾಲ್ಕಕ್ಕಿಂತ ಹೆಚ್ಚಾದ್ರೆ ಶಿಫ್ಟ್ ಮಾಡಿ (ಮೊದಲನೇದು ತೆಗೀರಿ). ‘ಸರಕು’ ಸಿಕ್ಕಾಗ ಅರೇಲಿ ನಾಲ್ಕು ಸಾಲಿದ್ರೆ ಸೊನ್ನೆಯ ಇಂಡೆಕ್ಸ್‌ನಲ್ಲಿರೋದೇ ತಾರೀಕು. ಸೀಕೇ ಬೇಕಂದ್ರೆ ಮೊದಲು ಬಿಚ್ಚಿ ಡಿಸ್ಕಿಗೆ ಬರೀರಿ. ಆಗ ಸೀಕ್ ಮಾಡಿದ್ರೂ $. (ಪರ್ಲ್ ಇಟ್ಕೊಳ್ಳೋ ಸಾಲಿನ ಎಣಿಕೆ) ಹಿಂದಕ್ಕೆ ಹೋಗಲ್ಲ, ಸಾಲಿನ ನಂಬರ್ ನೀವೇ ಸರಿ ಮಾಡ್ಕೋಬೇಕು.

ತುಂಗಾತೀರ:
ಅರೇ ಹಾಕಿದೆ, ತಾರೀಕು ಸರಿಯಾಗಿ ಬಂತು. ಥ್ಯಾಂಕ್ಸ್ ಸರ್.

ಕುಂದಾದ್ರಿ:
ಜಿಜಿಪ್ ಬಿಚ್ಚಿ ಓದೋ ಮಾಡ್ಯೂಲ್ ಐಒ::ಅನ್‌ಕಂಪ್ರೆಸ್::ಗನ್‌ಜಿಪ್‌ನಲ್ಲಿ ಸೀಕ್ ಇದೆಯಲ್ಲ?

ಬಿದನೂರು:
ಮುಂದಕ್ಕೆ ಮಾತ್ರ. ಹಿಂದಕ್ಕೆ ಕೇಳಿದ್ರೆ ಪ್ರೋಗ್ರಾಂ ಅಲ್ಲೇ ಸಾಯುತ್ತೆ.

ಸೋಗೆಮನೆ:
ಎನ್‌ಕೋಡಿಂಗ್ ಲೇಯರ್ ಹಾಕಿದೀರೋ ಇಲ್ವೋ, ಅದನ್ನಿನ್ನೂ ಹೇಳಿಲ್ಲ.