12345679ರಲ್ಲಿ 8 ಎಲ್ಲಿ ಹೋಯ್ತು?

ಮಗ್ಗಿಮರೆತವ:
ನಿನ್ನೆ ಅಕ್ಕನ ಮಗಳು ಬಂದು ಮಾಮಾ ನಿಂಗಿಷ್ಟದ ಅಂಕಿ ಹೇಳು ಅಂದ್ಲು, 5 ಅಂದೆ, ಹಾಗಾದ್ರೆ 12345679ನ 45ರಿಂದ ಗುಣಿಸು ಅಂದ್ಲು. ಮೊಬೈಲಲ್ಲಿ ಒತ್ತಿದ್ರೆ 555555555! 7 ಬೇಕಂದ್ರೆ 63ರಿಂದ ಗುಣಿಸ್ಬೇಕಂತೆ. 9ರಿಂದ ಗುಣಿಸಿದ್ರೆ 111111111 ಬರತ್ತೆ, ಉಳಿದಿದ್ದೆಲ್ಲ ಅದರದ್ದೇ ಆಟ ಅಂತ ಅಷ್ಟು ಹೊಳೀತು. ಆದ್ರೆ ಮಧ್ಯದಲ್ಲಿ 8 ಯಾಕಿಲ್ಲ? ಮರೆತಿರ್ಬೇಕು ಅಂದ್ಕೊಂಡು 123456789 × 9 ಹಾಕ್ದೆ, 1111111101 ಅಂತ ಕೊನೇಲಿ ಹಲ್ಲು ಬಿದ್ದಂಗೆ ಬಂತು.

ಸಂತೆಗಿರಾಕಿ:
ನಾನೂ ಅಂಗಡಿ ಕ್ಯಾಲ್ಕುಲೇಟರಲ್ಲಿ ಮಾಡಕ್ಕೋದೆ ಗುರು, ಬರೀ E ಅಂತ ತೋರಿಸ್ತು 😄 ಎಂಟೇ ಅಂಕಿ ಹಿಡಿಯೋ ಡಬ್ಬಾ, ಉತ್ತರ ಒಂಬತ್ತು ಅಂಕಿ.

ಕರಿಹಲಗೆ:
ಗುಣಾಕಾರ ಬಿಟ್ಟು ಭಾಗಾಕಾರ ಮಾಡಿ ನೋಡಿ, ಪೇಪರ್ ಮೇಲೆ, ಫೋನ್ ಬೇಡ. ಒಂಬತ್ತು 1 ಸಾಲಾಗಿ ಬರ್ಕೊಂಡು 9ರಿಂದ ಭಾಗಿಸ್ತಾ ಹೋಗಿ. 11ರಲ್ಲಿ 9 ಒಂದ್ಸಲ, ಶೇಷ 2. ಮುಂದಿನ 1 ಇಳಿಸಿದ್ರೆ 21, ಎರಡು ಸಲ, ಶೇಷ 3. ಆಮೇಲೆ 31, ಮೂರು ಸಲ, ಶೇಷ 4. ಹಿಂಗೇ ಶೇಷ ಒಂದೊಂದೇ ಏರ್ತಾ 71ಕ್ಕೆ ಬರ್ತೀರ, ಏಳು ಸಲ, ಶೇಷ 8. ಈಗ ಕೊನೇ 1 ಇಳಿಸಿ: 81. ಎಂಟು ಸಲ ಅಂತ ಬರೆಯಕ್ಕೆ ಕೈ ಹೋಗತ್ತೆ, ಆದ್ರೆ ಒಂಬತ್ತೊಂಬತ್ಲೆ ಎಂಬತ್ತೊಂದು, ಶೇಷ ಸೊನ್ನೆ. 8 ಬರಬೇಕಾದ ಜಾಗಕ್ಕೇ 9 ಬಂದು ಕೂತಿದೆ ಅಷ್ಟೆ.

ಮಗ್ಗಿಮರೆತವ:
ಸಾರ್ ಮಾಡ್ದೆ, 81 ಬಂದಾಗ ನಗು ಬಂತು. ಇಷ್ಟೇನಾ!

ಗೀಚುಗೆರೆ:
ಇಷ್ಟೇ ಅಲ್ಲ, ಇದಕ್ಕಿಂತ ಚೆಂದದ್ದು ಒಂದಿದೆ. 2ರಿಂದ ಗುಣಿಸಿ: 24691358. ಮುಂದೆ ಒಂದು ಸೊನ್ನೆ ಇದೆ ಅಂದ್ಕೊಂಡ್ರೆ ಇದ್ರಲ್ಲಿ 7 ಒಂದೇ ಇಲ್ಲ. 4ರಿಂದ ಗುಣಿಸಿದ್ರೆ 49382716, ಇಲ್ಲಿ 5 ಕಾಣೆ. 7ರಿಂದ ಮಾಡಿದ್ರೆ 86419753, 2 ಕಾಣೆ. ಗುಣಿಸಿದ ಅಂಕಿಗೂ ಕಾಣೆಯಾದ ಅಂಕಿಗೂ ಕೂಡಿ ನೋಡಿ, ಯಾವಾಗ್ಲೂ 9. ಮೂಲದಲ್ಲಿ 8 ಇಲ್ದಿರೋದೂ ಇದೇ ಲೆಕ್ಕ, 1 ಮತ್ತು 8. ಆದ್ರೆ 3 ಮತ್ತೆ 6ಕ್ಕೆ ಈ ಆಟ ನಡೆಯಲ್ಲ, 3ಕ್ಕೆ 37037037 ಬರತ್ತೆ. 12345679 ಅಂದ್ರೇ 37 × 333667, ಆ 37 ಮೂರರ ಜೊತೆ ಸೇರಿದ್ರೆ 111 ಆಗೋ ಗಿರಾಕಿ.

ಹಳೆಓಲೆ:
ಇದು ವಾಟ್ಸಾಪ್ ಕಾಲದ್ದಲ್ಲ ಸ್ವಾಮಿ. ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, 9ನೇ ಶತಮಾನ, ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದ ಗುಣಾಕಾರದ ಭಾಗದಲ್ಲೇ 12345679 × 9 ಇದೆ. ಇಂಥ ಉತ್ತರಗಳನ್ನ ಕೊರಳ ಹಾರಕ್ಕೆ ಹೋಲಿಸಿದಾರೆ, ಯಾವ ಕಡೆಯಿಂದ ಓದಿದ್ರೂ ಒಂದೇ ತರ ಇರೋದ್ರಿಂದ. ಅಲ್ಲೇ 139 × 109 = 15151 ಕೂಡ ಇದೆ, 152207 × 73 ಮಾಡಿದ್ರೆ ಎಂಟು ಒಂದು. ಶಾಲೇಲಿ ಕವಿರಾಜಮಾರ್ಗದ ಹೆಸರು ಬಾಯಿಪಾಠ ಮಾಡಿಸಿದ್ರು, ಅದೇ ರಾಜನ ಕಾಲದ ಈ ಹಾರದ ಬಗ್ಗೆ ಒಬ್ರೂ ಹೇಳ್ಲಿಲ್ಲ.

ಸಂತೆಗಿರಾಕಿ:
152207 × 73 ಎಂಟೇ ಅಂಕಿ ಅಲ್ವಾ, ನನ್ನ ಡಬ್ಬಾದಲ್ಲೂ ಬಂತು!! 11111111