ಸಹಾಯ ಬೇಕು: ನಿಮ್ಮ ಊರಿನ ಕಾಡುಬಾದಾಮಿ ಎಲೆ ಯಾವ ಬಣ್ಣಕ್ಕೆ ತಿರುಗುತ್ತದೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕಾಡುಬಾದಾಮಿ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸುವ ಮುನ್ನ ತಾಳುವ ಬಣ್ಣವನ್ನು ದಾಖಲಿಸುತ್ತಿದ್ದೇನೆ. ಇದಕ್ಕೆ ಬೇರೆ ಊರುಗಳಲ್ಲಿರುವವರ ನೆರವು ಬೇಕಾಗಿದೆ.

ಜಯನಗರದ ನಮ್ಮ ರಸ್ತೆಯಲ್ಲಿ ಅಕ್ಕಪಕ್ಕದಲ್ಲೇ ಇರುವ ಎರಡು ಮರಗಳ ಪೈಕಿ ದಿನವಿಡೀ ಬಿಸಿಲು ಬೀಳುವ ಮರ ಕಡುಗೆಂಪಾದರೆ, ಕಟ್ಟಡದ ನೆರಳಿನಲ್ಲಿರುವುದು ಹೆಚ್ಚಾಗಿ ಹಳದಿಯಾಗಿಯೇ ಉದುರುತ್ತದೆ. ಒಂದೇ ಎಲೆಯಲ್ಲೂ ಈ ಭೇದವಿದೆ: ಮೇಲೆ ಇನ್ನೊಂದು ಎಲೆ ಕವಿದಿದ್ದ ಜಾಗವಷ್ಟೇ ಅಚ್ಚೊತ್ತಿದಂತೆ ಹಳದಿಯಾಗಿ ಉಳಿದು, ಸುತ್ತಲೂ ಕೆಂಪೇರಿರುತ್ತದೆ. ಹಸಿರು ಬಣ್ಣ ಕೊಡುವ ಪತ್ರಹರಿತ್ತು ಕ್ಷೀಣಿಸಿದಾಗ ಕಾಣುವ ಹಳದಿಯು ಎಲೆಯಲ್ಲಿ ಮೊದಲಿನಿಂದಲೂ ಇರುವ ವರ್ಣದ್ರವ್ಯಗಳಾದ ಕ್ಯಾರೊಟಿನಾಯ್ಡ್‌ಗಳದ್ದು. ಕೆಂಪು ತರುವ ಆಂಥೋಸಯನಿನ್ ಮಾತ್ರ ಬಹುಮಟ್ಟಿಗೆ ಆ ಹಂತದಲ್ಲೇ ಹೊಸದಾಗಿ ತಯಾರಾಗುತ್ತದೆ, ಅದಕ್ಕೆ ಬೆಳಕು ಬೇಕು. ತಂಪಾದ ರಾತ್ರಿಗಳೂ ಅದಕ್ಕೆ ಅನುಕೂಲಕರವಾದ್ದರಿಂದ, ಚಳಿ ಕಡಿಮೆ ಇರುವ ಮಂಗಳೂರು, ಕಾರವಾರಗಳಲ್ಲಿ ಕೆಂಪು ಇಷ್ಟೇ ಗಾಢವಾಗಿರುತ್ತದೆಯೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಕರಾವಳಿ, ಮೈಸೂರು, ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಒಂದು ಮರವನ್ನು ಗೊತ್ತುಮಾಡಿಕೊಂಡು, ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ, ಒಂದೇ ದಿಕ್ಕಿನಿಂದ, ಫಿಲ್ಟರ್ ಬಳಸದೆ ಫೋಟೋ ತೆಗೆದು ಕಳುಹಿಸಬೇಕೆಂದು ಕೋರುತ್ತೇನೆ. ಬಿದ್ದ ಎಲೆಗಳ ಬಣ್ಣ ಬೇಗ ಕಂದುವುದರಿಂದ ಕೊಂಬೆಯ ಮೇಲಿನ ಎಲೆಗಳದ್ದೇ ಚಿತ್ರವಿರಲಿ. ದಿನಾಂಕದ ಜೊತೆಗೆ ಮರಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ಬುಡದ ಸುತ್ತ ಮಣ್ಣಿದೆಯೋ ಕಾಂಕ್ರೀಟಿದೆಯೋ ಎಂಬುದನ್ನೂ ಬರೆಯಿರಿ. ಅರಳಿಮರದ ತಾಮ್ರವರ್ಣ ಎಳೆಚಿಗುರಿನದ್ದಾದ್ದರಿಂದ ಅದನ್ನು ಈ ಲೆಕ್ಕಕ್ಕೆ ಸೇರಿಸುವುದು ಬೇಡ.